ಹಂಚಿನ ಕಾರ್ಖಾನೆಯ ಐದು ಗಂಟೆಯ ಸೈರನ್ನಿಗೆ

ಹೊಯಿಗೆಬಜಾರ್, ಮಂಗಳೂರು
ನವೆಂಬರ್ 1979

ನೇತ್ರಾವತಿಯ ಈ ದಡದಲ್ಲಿ ಕೂಗಿ ಆ ದಡದ ಉಳ್ಳಾಲದವರ ಕೈಯಿಂದಲೂ ಚಾ ಲೋಟ ಬೀಳಿಸುವ ಮಹಾಕಂಠದವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ದಿನಕ್ಕೆ ನಾಲ್ಕು ಸಲ ತಾವೇ ತಿಳಿಸುವುದರಿಂದ ಕೇಳುವುದಿಲ್ಲ. ನಾನು ಕ್ಷೇಮ ಎಂದು ಬರೆಯಲು ಹೆದರಿಕೆ, ಬರೆದ ಕೂಡಲೇ ಎಂತದಾದರೂ ಆಗಿಬಿಡುತ್ತದೆ. ತಮ್ಮ ಗೇಟಿನ ಎದುರು ಮಹಿಳಾ ಮಂಡಲದ ಹಾಲಿನಲ್ಲಿ ಮಕ್ಕಳಿಗೆ ಯೋಗ ಹೇಳಿಕೊಡುವ ಶಶಿಪ್ರಭಾ ನಾನು. ಆರನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟವಳು, ಯೋಗ ಕಲಿತದ್ದು ಹನ್ನೆರಡು ದಿನದ ಶಿಬಿರದಲ್ಲಿ, ಆದ್ದರಿಂದ ಪತ್ರದಲ್ಲಿ ತಪ್ಪಿದ್ದರೆ ತಾವು ದೊಡ್ಡ ಮನಸ್ಸು ಮಾಡಬೇಕು.

ಈ ವರ್ಷ ಮಕ್ಕಳ ವರ್ಷವಂತೆ. ಹಾಗಾಗಿ, ತಮ್ಮಲ್ಲಿ ಹಂಚು ಹೊರುವ ಹೆಂಗಸರ ಹದಿನೇಳು ಮಕ್ಕಳಿಗೆ, ಶಾಲೆ ಬಿಟ್ಟಲ್ಲಿಂದ ಅಮ್ಮಂದಿರು ಹೊರಗೆ ಬರುವವರೆಗೆ ಈ ತರಗತಿ. ಮಧ್ಯಾಹ್ನದ ಗಂಜಿ ಕರಗಿದ ಹೊಟ್ಟೆಯಲ್ಲಿ ಹಾರುವುದು ಕುಣಿಯುವುದು ಬೇಡ, ತಲೆ ತಿರುಗಿ ಬಿದ್ದರೆ ಗ್ರಹಚಾರ ಎಂದು ನಾನು ಮೂರು ರಾತ್ರಿ ನಿದ್ದೆಗೆಟ್ಟು ಎಲ್ಲವನ್ನೂ ಕೂತು ಆಡುವ ಆಟವಾಗಿ ಮಾಡಿದೆ: ಇಬ್ಬರು ಕಾಲಿಗೆ ಕಾಲು ಕೊಟ್ಟು ಕೈ ಹಿಡಿದು ತೂಗಿದರೆ ದೋಣಿ, ಮೆಲ್ಲ ಅಡ್ಡಕ್ಕೆ ಸರಿದರೆ ಏಡಿ. ಶವಾಸನ ಎಂದದ್ದಕ್ಕೆ ಒಂದು ಮಗುವಿನ ಅಜ್ಜಿ ಬಂದು ಜೀವ ಇರುವ ಮಕ್ಕಳನ್ನು ಹೆಣ ಮಾಡುತ್ತೀಯಾ ಮಾರಾಯ್ತಿ ಎಂದು ಗಲಾಟೆ ಮಾಡಿದ್ದರಿಂದ ಅದಕ್ಕೆ ಹಸಿ ಹಂಚು ಎಂದು ಹೆಸರಿಟ್ಟೆ. ಅಲುಗಿದರೆ ಬಿರುಕು ಎಂದು ಈ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ಅಂದಾಜಿಗೆ ಐದಕ್ಕೆ ಐದು ನಿಮಿಷ ಇರುವಾಗ ಹದಿನೇಳು ಹಂಚುಗಳು ಚಾಪೆಯ ಮೇಲೆ ಮಲಗುತ್ತವೆ. ಕಣ್ಣು ಮುಚ್ಚಿರುತ್ತದೆ, ಕಿವಿ ಮಾತ್ರ ತಮ್ಮ ಕಡೆಗೆ. ತಾವು ಬಾಯಿ ತೆರೆದದ್ದೇ ತಡ, ಎಲ್ಲರೂ ಒಟ್ಟಿಗೆ ಎದ್ದು ಗೇಟಿಗೆ. ಆರು ತಿಂಗಳಲ್ಲಿ ನಾನು ಒಂದು ದಿನವೂ ಇವರಿಂದ ಒಟ್ಟಿಗೆ ಕೈ ಎತ್ತಿಸಿದವಳಲ್ಲ. ತಾವು ಒಂದು ಕೂಗಿಗೆ ಮೂವತ್ತನಾಲ್ಕು ಕಾಲು ಎತ್ತಿಸುತ್ತೀರಿ, ತಮ್ಮಂಥ ಗುರು ಹಿಮಾಲಯದಲ್ಲಿ ಸಹ ಇರಲಿಕ್ಕಿಲ್ಲ.

ಕಳೆದ ಶನಿವಾರ ಮಂಡಲದ ಕಾರ್ಯದರ್ಶಿ ವಿನಿಫ್ರೆಡ್ ಟೀಚರ್ ಇದನ್ನು ಕಣ್ಣಾರೆ ನೋಡಿ, ಎಂತ ಶಶಿ, ಇದು ಯೋಗವಾ ಬಸ್‌ಸ್ಟ್ಯಾಂಡಾ ಎಂದರು. ಬರುವ ಶನಿವಾರ ಕಮಿಟಿಯವರ ಎದುರು ಮಕ್ಕಳು ಐದು ನಿಮಿಷ ಸಮಾಧಾನದಲ್ಲಿ ಮಲಗಬೇಕು, ಇಲ್ಲದಿದ್ದರೆ ಡಿಸೆಂಬರಿನಿಂದ ಹಾಲ್ ಹೊಲಿಗೆ ಕ್ಲಾಸಿಗಂತೆ. ಹೊಲಿಗೆಯ ಮೇಲೆ ನನಗೆ ದ್ವೇಷ ಇಲ್ಲ. ಆದರೆ ಆಮೇಲೆ ಈ ಮಕ್ಕಳು ಕಾಯುವುದು ತಮ್ಮ ಗೇಟಿನಲ್ಲಿ, ಹಂಚು ತುಂಬಿದ ಲಾರಿಗಳು ಹಿಂದಕ್ಕೆ ಬರುವ ಜಾಗದಲ್ಲಿ. ಅದನ್ನು ಯೋಚಿಸಿದರೆ ನನಗೆ ಅನ್ನ ಇಳಿಯುವುದಿಲ್ಲ.

ಮೊನ್ನೆ ಬುಧವಾರ ತಾವು ಕೆಟ್ಟುಹೋದಿರಿ. ಹಾಲಿನ ಗಡಿಯಾರ ನಿಂತು ವರ್ಷವಾಗಿದೆ, ತಾವು ಕೂಗದೆ ನನಗೆ ಐದಾಯಿತೆಂದು ಗೊತ್ತಾಗುವುದು ಹೇಗೆ? ಕಾಲಿನ ಬೆರಳು ಮಲಗಿತು, ಮೊಣಕಾಲು ಮಲಗಿತು ಎಂದು ಹೇಳುತ್ತಾ ನೆತ್ತಿಯವರೆಗೆ ಹೋಗಿ, ತಿರುಗಿ ಬಂದು, ಅಂಗಗಳು ಮುಗಿದು, ಕಡೆಗೆ ಅಂಗಿಯ ಗುಂಡಿಗಳನ್ನು ಸಹ ಮಲಗಿಸಿದೆ. ಯಾರೂ ಏಳಲಿಲ್ಲ. ಗಾಬರಿಯಾಗಿ ಒಬ್ಬೊಬ್ಬರ ಮೂಗಿಗೆ ಬೆರಳು ಹಿಡಿದು ನೋಡುತ್ತಿದ್ದಾಗ ಬಾಗಿಲಲ್ಲಿ ಅಮ್ಮಂದಿರು, ತಮ್ಮ ಬದಲಿಗೆ ಕಾವಲುಗಾರ ಕಬ್ಬಿಣದ ತುಂಡು ಬಡಿದು ಅವರನ್ನು ಹೊರಗೆ ಬಿಟ್ಟಿದ್ದನಂತೆ. ನಾನು ಎಬ್ಬಿಸಲು ಹೋದರೆ ಅವರಲ್ಲೊಬ್ಬಳು, ಗುಣವತಿ, ಬೇಡ ಟೀಚರ್, ಇವಳು ಮನೆಯಲ್ಲಿ ಸಹ ಹೀಗೆ ಮಲಗುವುದಿಲ್ಲ ಎಂದು ಮಗಳ ಪಕ್ಕದಲ್ಲಿ ಮಣ್ಣಿನ ಕೈ ಮಡಚಿ ಕೂತಳು. ಕಮಿಟಿಯವರು ನೋಡಬೇಕಾದದ್ದು ಅದೇ. ನೋಡಿದ್ದು ನಾನು ಮತ್ತು ಅಮ್ಮಂದಿರು ಮಾತ್ರ. ಗುರುವಾರ ತಮ್ಮ ರಿಪೇರಿಯಾಗಿ ದನಿ ಮೊದಲಿಗಿಂತ ಹೆಚ್ಚಾಗಿದೆ, ಅಭಿನಂದನೆಗಳು.

ಆದ್ದರಿಂದ ಬೇಡುವುದೇನೆಂದರೆ, ಬರುವ ಶನಿವಾರ ಐದಕ್ಕೆ ತಾವು ದಯಮಾಡಿ ನೆಗಡಿಯಲ್ಲಿರಬೇಕು. ಆಗದಿದ್ದರೆ, ತೊಟ್ಟಿಲ ಮಗು ಮಲಗಿದ ಮನೆಯವರು ಮಾತಾಡುವ ಹಾಗೆ ಪಿಸುಗುಟ್ಟಬೇಕು. ಅದೂ ಕಷ್ಟವಾದರೆ ತಾವೇ ನಮ್ಮ ತರಗತಿಗೆ ಸೇರಬೇಕು. ಮುಂದಿನ ಸಾಲಿನಲ್ಲಿ ಚಾಪೆ ಹಾಕುತ್ತೇನೆ, ಎಷ್ಟು ಚಾಪೆ ಬೇಕೆಂದು ಮಾತ್ರ ಮೊದಲೇ ತಿಳಿಸಿ, ಇಲ್ಲದಿದ್ದರೆ ಅದೊಂದು ಹೊಸ ಚಿಂತೆ.

ದಿನಾ ಐದಕ್ಕೆ ಐದು ನಿಮಿಷ ಇರುವವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಶಶಿಪ್ರಭಾ

ತಾ.ಕ.: ಈ ಪತ್ರವನ್ನು ಗುಣವತಿಗೆ ಓದಿ ಹೇಳಿದೆ. ಅವಳು ನಕ್ಕು, ಸೈರನ್ನಿಗೆ ಮೊದಲು ಯಾಕೆ ಮಲಗಿಸುವುದು ಟೀಚರ್, ಆದಮೇಲೆ ಮಲಗಿಸಿ, ನಾವೇ ಒಳಗೆ ಬಂದು ಕೂತರೆ ಅವು ಓಡುವುದು ಯಾರ ಹತ್ತಿರಕ್ಕೆ, ನಮಗೂ ಒಂದೊಂದು ಚಾಪೆ ಹಾಕಿ, ಬೆಳಿಗ್ಗೆಯಿಂದ ನಿಂತ ಕಾಲು ಎಂದಳು. ಆರು ತಿಂಗಳು ಚಿಂತೆ ಮಾಡಿದ ನನಗೆ ಇದು ಹೊಳೆಯಲಿಲ್ಲ. ಆದ ಕಾರಣ ಮೇಲಿನ ಬೇಡಿಕೆಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು, ಶನಿವಾರದಿಂದ ತಮ್ಮನ್ನು ನಮ್ಮ ತರಗತಿಗೆ ಗಂಟೆ ಹೊಡೆಯುವ ಜವಾನರಾಗಿ ನೇಮಿಸಲಾಗಿದೆ. ಐದಕ್ಕೆ ಸರಿಯಾಗಿ ಹಾಜರಿರಬೇಕು. ಒಂದು ನಿಮಿಷ ತಡವಾದರೆ, ಹೋದ ತಿಂಗಳು ಬೆಳಗಿನ ಕೂಗಿಗೆ ತಡವಾದ ಗುಣವತಿಯನ್ನು ತಾವು ನಿಲ್ಲಿಸಿದ ಹಾಗೆಯೇ, ಅರ್ಧ ದಿನ ಗೇಟಿನ ಹೊರಗೆ.