ಆಂಪ್ಲಿಫೈಯರಿಗೆ ಎಷ್ಟು ಉಪ್ಪು?

ಬೆಳಕು ಹರಿಯುವುದರೊಳಗೆ ಜಂಬಮ್ಮ ಅಂಗಳ ಗುಡಿಸಿ ನೀರು ಚಿಮುಕಿಸಬೇಕು, ನಳ ಬಂದರೆ ಏಳು ಕೊಡ ತುಂಬಬೇಕು (ಬಾರದಿದ್ದರೆ ನಳಕ್ಕೆ ನಾಲ್ಕು ಮಾತು ಅನ್ನಬೇಕು), ಹದಿನಾಲ್ಕು ಜೋಳದ ರೊಟ್ಟಿ ಬಡಿಯಬೇಕು, ಪುಂಡಿಪಲ್ಯ ಬೇಯಿಸಬೇಕು, ಕೊನೆಗೆ ಹಾಲ್‌ನಲ್ಲಿ ಮಹಾರಾಜನಂತೆ ಕುಳಿತ ಗಿಟಾರ್ ಆಂಪ್ಲಿಫೈಯರಿನ ಧೂಳು ಒರೆಸಬೇಕು. ಕಲಾವಿದರು, ಸಾಮಾನ್ಯರು ಎಂಬ ಭೇದ ರಾಯಚೂರಿನ ಧೂಳಿಗಿಲ್ಲ.

ಆ ಪೆಟ್ಟಿಗೆ ಗಂಡ ಕನಕರಾಯನದು. ಅವನು ಖಲೀಲ್ ಭಾಯಿಯ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ. ನುಡಿಸುತ್ತಿದ್ದಾನೆಂದು ಬೆರಳು ನೋಡಿ ತಿಳಿಯಬೇಕಿತ್ತು. ಡ್ರಮ್ಮು, ಕೀಬೋರ್ಡುಗಳ ನಡುವೆ ಕಿವಿಗೇನೂ ಬೀಳುತ್ತಿರಲಿಲ್ಲ. ಬೇಸತ್ತ ಖಲೀಲ್ ಭಾಯಿ ಇವತ್ತು ತಂಡವನ್ನೇ ಕರೆದುಕೊಂಡು ಪರೀಕ್ಷೆಗೆ ಬರುವವನಿದ್ದ. ಗಿಟಾರ್ ಕೇಳಿಸಿದರೆ ದೇವದುರ್ಗದ ಮದುವೆಗೆ ಕನಕರಾಯ, ಇಲ್ಲವಾದರೆ ದೊಡ್ಡ ನಮಸ್ಕಾರ.

ಪಾಸಾಗಲೆಂದು ಗಂಡನಿಗಿಂತ ಹೆಚ್ಚು ಹರಕೆ ಹೊತ್ತವಳು ಜಂಬಮ್ಮ. ಪಾಸಾದರೆ ಪೆಟ್ಟಿಗೆ ಆರ್ಕೆಸ್ಟ್ರಾದ ಕೋಣೆಗೆ ಹೋಗುತ್ತದೆ. ಅದರ ಹಿಂದೆ ಚಾದರ ಹೊದ್ದು ಕುಳಿತ ಅವಳ ಹೊಲಿಗೆ ಮಷಿನ್ ಕಿಟಕಿಯ ಬೆಳಕಿಗೆ ಬರುತ್ತದೆ.

ಪೆಟ್ಟಿಗೆಯ ಮೇಲೆ ಮೂರು ತಿರುಗುಗುಂಡಿಗಳು. ಬಾಸ್ ದಪ್ಪ ದನಿಗೆ, ಟ್ರೆಬಲ್ ಚೂಪು ದನಿಗೆ, ಮಿಡ್ಲ್ ಎರಡರ ನಡುವಿನದಕ್ಕೆ. ಮೂರು ತಿಂಗಳು ತಿರುವಿ ತಿರುವಿ ಕನಕರಾಯ ಒಂದು ದಿವ್ಯ ಸ್ಥಾನ ಕಂಡುಕೊಂಡು, ಆಯುಧಪೂಜೆಯ ದಿನ ಮೂರಕ್ಕೂ ಕುಂಕುಮದ ಬೊಟ್ಟಿಟ್ಟು ಗುರುತು ಮಾಡಿದ್ದ.

ರಾತ್ರಿಯ ಗಾಳಿಗೆ ಧೂಳು ಬಹಳವಾಗಿತ್ತು. ಜಂಬಮ್ಮ ಒದ್ದೆ ಬಟ್ಟೆಯಲ್ಲಿ ಉಜ್ಜಿದಳು. ಗುಂಡಿಗಳು ಗಿರ್ರನೆ ತಿರುಗಿದವು, ಕುಂಕುಮ ಬಟ್ಟೆಗೆ ಬಂತು, ಜೀವ ಬಾಯಿಗೆ ಬಂತು. ಗಂಡ ಇನ್ನೂ ಗೊರಕೆಯ ಆಲಾಪದಲ್ಲಿದ್ದ. ಯಾವುದು ಎಲ್ಲಿತ್ತೆಂದು ನೆನಪಾಗದೆ ಅವಳು ತನಗೆ ಬರುವ ವಿದ್ಯೆಯನ್ನೇ ನೆಚ್ಚಿದಳು. ಬಾಸು ಬೇಳೆ ಇದ್ದಂತೆ, ತಳದಲ್ಲಿ ಗಟ್ಟಿಯಾಗಿರಲಿ. ಟ್ರೆಬಲ್ಲು ಒಗ್ಗರಣೆ, ಹೆಚ್ಚಾದರೆ ಕಣ್ಣಲ್ಲಿ ನೀರು. ಮಿಡ್ಲು ಉಪ್ಪು, ಅದಿಲ್ಲದೆ ಸಾರಿಲ್ಲ. ಮಿಡ್ಲನ್ನು ಅರ್ಧಕ್ಕಿಂತ ಮೇಲೇರಿಸಿ ಕೈ ಮುಗಿದಳು.

ಗಂಡ ಎದ್ದು ಬಚ್ಚಲಿಗೆ ಹೋಗುವಷ್ಟರಲ್ಲಿ ತಂಡ ಬಂತು. ಹಲ್ಲುಜ್ಜುತ್ತಿದ್ದ ಕನಕರಾಯ ಬಾಯಿ ಮುಕ್ಕಳಿಸಿ ಓಡಿಬಂದು ವೈರು ಸಿಕ್ಕಿಸಿದ. ಗುಂಡಿ ನೋಡಲು ಪುರಸೊತ್ತೆಲ್ಲಿ? ಹಾಡು ಶುರುವಾಯಿತು. ಡ್ರಮ್ಮಿನ ಮಧ್ಯದಿಂದ ಗಿಟಾರ್ ಖಣಿಖಣಿ ಎದ್ದು ಬಂತು.

"ಅರೆ ಕನಕಾ! ಇವತ್ತ ನಿನ್ನ ಗಿಟಾರ್ ಕೇಳಾಕತ್ತದಲ್ಲೋ! ಏನ್ ಮಾಡಿದಿ?" ಎಂದ ಖಲೀಲ್ ಭಾಯಿ.

"ಮೂರು ತಿಂಗಳ ತಪಸ್ಸು, ಭಾಯ್," ಎಂದು ಎದೆಯುಬ್ಬಿಸಿದ ಕನಕರಾಯ ಗುಂಡಿಗಳತ್ತ ನೋಡಿದವನೇ ಚೀರಿದ. "ಲೇ ಜಂಬಿ! ನನ್ನ ಕುಂಕುಮ ಎಲ್ಲಿ? ಮಿಡ್ಲ್ ಸೊನ್ನಿ ಇತ್ತಲ್ಲ, ಯಾರು ಏರಿಸಿದವರು?"

"ನಾನ ಉಪ್ಪು ಹಾಕೀನ್ರೀ," ಎಂದಳು ಒಳಗಿನಿಂದ. "ಮೂರು ತಿಂಗಳಿಂದ ಮಂದಿಗೆ ಸಪ್ಪಗ ಉಣಿಸಾಕತ್ತಿದ್ರಿ ನೀವು."

ಖಲೀಲ್ ಭಾಯಿ ಹೊಟ್ಟೆ ಹಿಡಿದು ನಕ್ಕ. "ಒಬ್ಬನ ಕುಂತು ಬಾರಿಸಿದ್ರ ಮಿಡ್ಲ್ ಇಲ್ದನೂ ಚಂದ ಕೇಳ್ತದ ಕನಕಾ. ಹತ್ತು ಮಂದ್ಯಾಗ ಕೇಳಬೇಕಂದ್ರ ಅದು ಬೇಕಾ ಬೇಕು. ಭಾಭಿ ಕಿವಿ ಅಂದ್ರ ಉಸ್ತಾದ್ ಕಿವಿ!"

ಜಂಬಮ್ಮ ಹಿಗ್ಗಿ ಹೀರೇಕಾಯಿಯಾಗುವಷ್ಟರಲ್ಲಿ ಅವನು ಮುಂದುವರಿಸಿದ. "ಅದಕ್ಕ ಪೆಟ್ಟಿಗಿ ಇಲ್ಲೇ ಇರಲಿ, ನಾಳಿಯಿಂದ ಪ್ರಾಕ್ಟೀಸೂ ಇಲ್ಲೇ. ಮುಂಜಾನೆ ಆರಕ್ಕ ಎಲ್ಲಾರೂ ಬರ್ತೀವಿ. ಭಾಭಿ ಕಿವಿನೂ ಸಿಗ್ತದ, ಭಾಭಿ ಚಾನೂ ಸಿಗ್ತದ."

ಮರುದಿನ ಬೆಳಕು ಹರಿಯುವ ಮೊದಲು ಅಂಗಳ, ನಳ, ರೊಟ್ಟಿ, ಪಲ್ಯಗಳ ಬೆನ್ನಿಗೆ ಒಂಬತ್ತು ಕಪ್ ಚಹಾ ಸೇರಿತ್ತು. ಜಂಬಮ್ಮ ಬಟ್ಟೆ ಹಿಡಿದು ಪೆಟ್ಟಿಗೆಯ ಮುಂದೆ ನಿಂತಳು. ಮಿಡ್ಲನ್ನು ಸೊನ್ನೆಗಿಳಿಸಿದರೆ ಸಾಕು, ಗಿಟಾರ್ ಕೇಳಿಸದೆ ತಂಡದ ಪೀಡೆ ತೊಲಗುತ್ತದೆ. ಬೆರಳು ಗುಂಡಿಯವರೆಗೂ ಹೋಯಿತು. ಆದರೆ ಕೈಯಾರೆ ಹದ ಮಾಡಿದ ಸಾರನ್ನು ಚೆಲ್ಲಲು ಯಾವ ಹೆಂಗಸಿಗೆ ಮನಸ್ಸು ಬರುತ್ತದೆ?

ಗುಂಡಿ ಬಿಟ್ಟು ಪೆಟ್ಟಿಗೆಗೇ ಕೈ ಹಾಕಿದಳು. ಪುಣ್ಯಕ್ಕೆ ಅದಕ್ಕೆ ಚಕ್ರಗಳಿದ್ದವು. ಸೀದಾ ಅಡುಗೆಮನೆಗೆ ತಳ್ಳಿ ಒಲೆಯ ಪಕ್ಕಕ್ಕೆ ನಿಲ್ಲಿಸಿದಳು. ಕಟ್ಟೆಯ ಮೇಲೆ ಚಹಾಪುಡಿ, ಸಕ್ಕರೆ, ಹಾಲಿನ ಪಾತ್ರೆ, ಒಂಬತ್ತು ಕಪ್ಪು ಸಾಲಾಗಿಟ್ಟಳು. ಬಂದವರು ಬಾರಿಸಿಕೊಳ್ಳಲಿ, ಕುದಿಸಿಕೊಳ್ಳಲಿ. ಹಾಲ್‌ಗೆ ಬಂದು, ಮಷಿನ್ನಿನ ಚಾದರ ಎಳೆದು, ಅದನ್ನು ಕಿಟಕಿಗೆ ಸರಿಸಿ, ಮುಂಬಾಗಿಲ ಚಿಲಕ ತೆಗೆದಿಟ್ಟು, ಸೂಜಿಗೆ ದಾರ ಪೋಣಿಸುತ್ತ ಕುಳಿತಳು.