ಆಟದ ಡಬ್ಬದೊಳಗಿನ ಮುದುಕಿ

ನನ್ನ ಮೊಮ್ಮಗಳು ಲಿಖಿತಾಳ ಪ್ರಾಜೆಕ್ಟಿಗೆ ಕಾಲೇಜಿನಲ್ಲೇ ಮೊದಲನೆಯ ಬಹುಮಾನ ಬಂತು! ಮಧ್ಯಾಹ್ನ ಫೋನು ಬಂದಾಗಿನಿಂದ ರೇಷ್ಮೆ ಸೀಮೆಯ ವಿಜಯಪುರದ ನಮ್ಮ ಬೀದಿಯಲ್ಲಿ ಈ ಸುದ್ದಿ ಕೇಳಿಸಿಕೊಳ್ಳದೆ ಯಾರೂ ದಾಟಿಲ್ಲ. ಹಾಲಿನವನಿಗೆ ಎರಡು ಸಲ ಹೇಳಿದ್ದೇನೆ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು, ಬರೆದದ್ದು ಹೇಗಿದ್ದರೂ ನೀವು ಸಹಿಸಿಕೊಳ್ಳಬೇಕು. ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಅದರ ಜೊತೆಗೆ ಒಂದು ಗುಟ್ಟೂ ನಿಲ್ಲುತ್ತಿಲ್ಲ.

ಎರಡು ಕೈಯಲ್ಲಿ ಹಿಡಿದು ಆಡುವ ಚಿಕ್ಕ ಕಂಪ್ಯೂಟರೊಂದಿದೆ. ಒಂದೊಂದು ಆಟಕ್ಕೂ ಚಿತ್ರ ಎಷ್ಟು ಚೊಕ್ಕವಾಗಿರಬೇಕು, ಎಷ್ಟು ವೇಗವಾಗಿ ಓಡಬೇಕು, ಎಷ್ಟು ಕರೆಂಟು ಕುಡಿಯಬೇಕು ಎಂದು ಆಡುವವರೇ ಕೂತು ತಿದ್ದಬೇಕಂತೆ. ಅದನ್ನೆಲ್ಲ ಡಬ್ಬವೇ ತಾನಾಗಿ ತಿದ್ದಿಕೊಳ್ಳುವಂತೆ ಮಾಡುವುದು ಇವಳ ಪ್ರಾಜೆಕ್ಟು. ನಾನು ಪಿಳಿಪಿಳಿ ನೋಡುವುದನ್ನು ಕಂಡು, "ಅಜ್ಜಿ, ನೀನು ರೇಷ್ಮೆ ಗೂಡು ಬೇಯ್ಸೋವಾಗ ನೀರು ಜಾಸ್ತಿ ಕಾದ್ರೆ ಏನ್ ಮಾಡ್ತಿದ್ದೆ?" ಅಂದಳು.

"ಸೌದೆ ಹಿಂದಕ್ಕೆ ಎಳೀತಿದ್ದೆ."

"ಯಾರಾದ್ರೂ ಹೇಳ್ಬೇಕಿತ್ತಾ?"

"ಹೇಳೋಕೆ ಅವ್ರ್ಯಾರು? ನನ್ ಬೆರಳಿಗೇ ಗೊತ್ತಾಗ್ತಿತ್ತು."

"ಇದಕ್ಕೂ ಅಂಥದ್ದೊಂದು ಬೆರಳು ಇಟ್ಟಿದೀನಿ ಕಣಜ್ಜಿ."

ಆಗಲೇ ನನಗೆ ಮೈ ಜುಮ್ಮೆಂದಿತು. ಡಬ್ಬದೊಳಗೆ ಯಾರ ಬೆರಳು?

ನಿನ್ನೆ ಬೆಳಿಗ್ಗೆ ಅದನ್ನು ನಡುಮನೆಯ ಸ್ಟೂಲಿನ ಮೇಲೆ ಗೋಡೆಗೆ ಒರಗಿಸಿಟ್ಟು, "ಸಂಜೆವರೆಗೂ ಇದು ತಾನೇ ಓಡ್ತಾ ಕಲ್ತ್ಕೊಳ್ಳತ್ತೆ. ಮುಟ್ಬೇಡ. ಮಧ್ಯದಲ್ಲಿ ನಿಂತ್ರೆ ನಾಳೆ ತೋರ್ಸೋಕೆ ಏನೂ ಇರಲ್ಲ, ನನ್ ವರ್ಷ ಹೋಯ್ತು ಅನ್ಕೋ," ಎಂದು ಕಾಲೇಜಿನ ಬಸ್ಸು ಹಿಡಿದಳು. ಮಗ, ಸೊಸೆ ಕೆಲಸಕ್ಕೆ ಹೋದರು. ಮನೆಯಲ್ಲಿ ಉಳಿದದ್ದು ನಾನು ಮತ್ತು ಅದು.

ಮಧ್ಯಾಹ್ನ ಸಾರು ಕುದಿಯುವಾಗ ಸೌಟು ಹಿಡಿದೇ ಇಣುಕಿದೆ. ಪರದೆಯ ಮೇಲೆ ಕತ್ತಲ ಕಾಡು. ನಡೆಯುವವರಿಲ್ಲದೆ ದಾರಿ ತಾನೇ ನಡೆಯುತ್ತಿತ್ತು. ಒಂದು ಮುಚ್ಚಿದ ಬಾಗಿಲ ತನಕ ಹೋಗುತ್ತದೆ, ಮತ್ತೆ ಮೊದಲಿಂದ ಹೊರಡುತ್ತದೆ. ಒಂದು ಸಲ ಎಲೆ ಎಲೆಯನ್ನೂ ಎಣಿಸಬಹುದು ಎನ್ನುವಂತೆ, ಇನ್ನೊಂದು ಸಲ ಎಲ್ಲ ಮಂಜು ಮಂಜಾಗಿ. ಹತ್ತನೆಯ ಸಲವೋ ಏನೋ, ಬೆಳಕು ಪೂರ್ತಿ ಇಳಿಯಿತು. ಆ ಬಾಗಿಲ ಬಳಿ ಒಬ್ಬ ಮುದುಕಿ ನಿಂತಿದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಏನೋ ಆಯುಧ. ನನ್ನನ್ನೇ ನೋಡುತ್ತಿದ್ದಳು. ನಾನು ಒಂದು ಹೆಜ್ಜೆ ಹಿಂದಿಟ್ಟೆ. ಅವಳೂ ಇನ್ನಷ್ಟು ಒಳಕ್ಕೆ ಸರಿದಳು. ಬಾ ಎಂದು ಕರೆಯುವ ಹಾಗೆ.

ನನಗೆ ದೆವ್ವದ ಭಯವಿಲ್ಲ. ನಮ್ಮತ್ತೆಯ ಜೊತೆ ಒಂದೇ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಕಳೆದವಳು ನಾನು. ಆದರೆ ಮೊಮ್ಮಗಳ ವರ್ಷದ ಮೇಲೆ ಯಾರದೋ ಕಣ್ಣು ಬಿದ್ದರೆ ಸುಮ್ಮನಿರಲಾದೀತೇ? ಉಪ್ಪು, ಒಣಮೆಣಸಿನಕಾಯಿ ಹಿಡಿದು ಮೂರು ಸಲ ಇಳಿ ತೆಗೆದು ಹಂಡೆ ಒಲೆಯ ಕೆಂಡಕ್ಕೆ ಹಾಕಿದೆ. ಘಾಟೇ ಬರಲಿಲ್ಲ. ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ, ನಿಮಗೂ ಗೊತ್ತು. ಲಿಖಿತಾ ಮುಟ್ಟಬೇಡ ಎಂದಿದ್ದಳು, ಹೊದಿಸಬೇಡ ಎಂದಿರಲಿಲ್ಲವಲ್ಲ. ದೃಷ್ಟಿ ತಾಗಿದ ಕೂಸಿಗೆ ಮಾಡುವಂತೆ ಪಕ್ಕದಲ್ಲಿ ಬೇವಿನ ಸೊಪ್ಪಿಟ್ಟು, ತೀರಿಹೋದ ನಮ್ಮ ಯಜಮಾನರ ಕರಿಕಂಬಳಿಯನ್ನು ಎರಡು ಮಡಿಕೆ ಮಾಡಿ ಮುಚ್ಚಿಬಿಟ್ಟೆ.

ಕಂಬಳಿ ಉಸಿರಾಡತೊಡಗಿತು. ಮೊದಲು ಏದುಸಿರು. ಆಮೇಲೆ ಮೆಲ್ಲಗೆ. ಆಮೇಲೆ ಕಿವಿಯಿಟ್ಟರೆ ಮಾತ್ರ ಕೇಳುವಷ್ಟು. ಮಲಗಿಸಿದೆನೋ ಕೊಂದೇಬಿಟ್ಟೆನೋ ತಿಳಿಯದೆ ಎರಡು ಗಂಟೆ ಅದರ ಮುಂದೆ ಕೂತು ಬೆವೆತೆ. ಕೊನೆಗೆ ತಡೆಯಲಾರದೆ ಕಂಬಳಿ ಎತ್ತಿದರೆ, ದಾರಿ ಇನ್ನೂ ನಡೆಯುತ್ತಲೇ ಇತ್ತು. ಗಾಳಿ ತಾಗಿ ಸ್ವಲ್ಪ ಹೊತ್ತಿಗೆ ಬೆಳಕು ಮೇಲೇರಿತು. ಮುದುಕಿ ಇರಲಿಲ್ಲ.

ಇವತ್ತು ಪರೀಕ್ಷೆಗೆ ಬಂದ ಮೇಷ್ಟ್ರು, "ಎಲ್ರೂ ಫ್ಯಾನಿನ ಕೆಳಗೇ ಓಡ್ಸಿದೀರ. ಗಾಳಿಯಾಡದ ಕಡೆ ಇದು ಏನ್ ಮಾಡತ್ತಮ್ಮ?" ಎಂದು ಕೇಳಿದರಂತೆ. ಇವಳು ನಿನ್ನೆಯ ದಾಖಲೆ ತೆರೆದಳಂತೆ. ಮಧ್ಯಾಹ್ನ ಎರಡು ಗಂಟೆ ಹೊತ್ತು ಡಬ್ಬ ಒಲೆಯಂತೆ ಕಾದು, ಒಳಗಿನ ಪುಟ್ಟ ಫ್ಯಾನನ್ನು ಜೋರಾಗಿ ತಿರುಗಿಸಿ, ಆಮೇಲೆ ತಾನೇ ಚಿತ್ರ ತಗ್ಗಿಸಿ, ಓಟ ತಗ್ಗಿಸಿ, ಒಂದು ಸಲವೂ ನಿಲ್ಲದೆ ಬದುಕಿಕೊಂಡದ್ದು ಅದರಲ್ಲಿತ್ತು. ಬಹುಮಾನ ಬಂದದ್ದು ಅದಕ್ಕೇ.

ಸಂಜೆ ಎಲ್ಲರೂ ಊಟಕ್ಕೆ ಕೂತೆವು. ಮುದ್ದೆ, ನಾಟಿಕೋಳಿ ಸಾರು. ನಾನೇ ಬಡಿಸುತ್ತಿದ್ದೆ.

"ಅಲ್ಲಜ್ಜಿ, ಅಷ್ಟೊಂದು ಬಿಸಿ ಹೆಂಗಾಯ್ತು?" ಎಂದಳು ಲಿಖಿತಾ.

"ನಿಮ್ಮಜ್ಜಿ ಇರೋ ಕಡೆ ಬಿಸಿ ಇದ್ದೇ ಇರತ್ತೆ ಬಿಡು," ಎಂದ ಮಗ.

ನಾನು ಮಾತು ಮರೆಸಲು, "ಅದಿರ್ಲಿ, ಆ ಬಾಗ್ಲತ್ರ ಒಬ್ಳು ಮುದುಕಿ ನಿಂತಿರ್ತಾಳಲ್ಲ, ಯಾರೇ ಅವ್ಳು?" ಎಂದೆ.

"ಮುದುಕೀನಾ? ಆ ಆಟದಲ್ಲಿ ಮನುಷ್ಯರೇ ಇಲ್ಲಜ್ಜಿ. ಬರೀ ದಾರಿ."

ಸೌಟು ಕೈಯಲ್ಲೇ ನಿಂತಿತು. ಈ ದಿನಕ್ಕೆಂದು ಸೊಸೆ ಹೊಸ ಸ್ಟೀಲ್ ತಟ್ಟೆಗಳನ್ನು ತೆಗೆದಿದ್ದಳು. ನನ್ನ ಖಾಲಿ ತಟ್ಟೆಯೊಳಗಿಂದ, ತಲೆಯ ಮೇಲೆ ಸೆರಗು ಹೊದ್ದು, ಸೌಟು ಹಿಡಿದು, ಅದೇ ಮುದುಕಿ ನನ್ನನ್ನು ನೋಡುತ್ತಿದ್ದಳು. ಡಬ್ಬಕ್ಕೆ ತಾಗಿದ್ದ ಕಣ್ಣು ಯಾರದೆಂದು ಈಗ ತಿಳಿಯಿತು.

"ಯಾಕತ್ತೆ, ನೀವು ಬಡಿಸ್ಕೊಳ್ಳಲ್ವಾ?" ಎಂದಳು ಸೊಸೆ.

ಬಡಿಸಿಕೊಂಡೆ. ತಟ್ಟೆಯೊಳಗಿನವಳ ಮುಖ ಮುಚ್ಚುವ ತನಕ, ಎರಡು ಸೌಟು.