ಒಂದು ಕಂಬ, ಎರಡು ವೈರು

ಉತ್ತರ ಫಿನ್‌ಲೆಂಡಿನ ಕಾಗದದ ಕಾರ್ಖಾನೆಯೊಂದರ ಗೇಟಿಗೆ ಮುಷ್ಕರದ ಕಾಲದಲ್ಲಿ ಅಡ್ಡ ಮಲಗಿ ಮ್ಯಾನೇಜರನ ಕಾರನ್ನೇ ತಡೆದಿದ್ದ ಓಸ್ಮೊ, ಈಗ ತಡೆಯಬೇಕಾಗಿದ್ದದ್ದು ಸ್ವಂತ ಕಾರನ್ನು. ನಾಳೆ ಹೆಂಡತಿ ಐಲಿಯ ತಂಗಿಗೆ ಅರವತ್ತು ತುಂಬುತ್ತದೆ. ಔಲು ಪಟ್ಟಣಕ್ಕೆ ಹೋಗಲೇಬೇಕಂತೆ. ನಾಳೆಯೇ ಟೀವಿಯಲ್ಲಿ ಐಸ್ ಹಾಕಿ ಫೈನಲ್. (ತಂಗಿಯ ಮನೆಯಲ್ಲಿ ಟೀವಿಯಿಲ್ಲ. ತಂಗಿಯ ಗಂಡ ಅಕಾರ್ಡಿಯನ್ ಬಾರಿಸುತ್ತಾನೆ.)

ಪುಣ್ಯಕ್ಕೆ ರೇಡಿಯೊ ಅವನ ಪಕ್ಷ ಸೇರಿತು.

“ಕೇಳ್ದೇನೇ? ನಾಳೆ ಮೈನಸ್ ಮೂವತ್ತಂತೆ. ತೀರಾ ಅಗತ್ಯ ಇದ್ರೆ ಮಾತ್ರ ರಸ್ತೆಗಿಳೀರಿ ಅಂತಿದಾರೆ.”

“ನನ್ನ ತಂಗಿ ತೀರಾ ಅಗತ್ಯ.”

“ಹಿಮಗಾಳಿ ಬೇರೆ…”

“ನೀವು ಮೀನು ಹಿಡಿಯೋಕೆ ಹೋಗುವಾಗ ಈ ಗಾಳಿ ಎಲ್ಲಿ ಹಾಳಾಗಿ ಹೋಗಿತ್ತು? ಕಾರಿಗೆ ವೈರು ಚುಚ್ಚಿ ಬಂದಿದೀನಿ. ಊಟಕ್ಕೇಳಿ.”

ಆ ಚಳಿಯಲ್ಲಿ ಎಂಜಿನ್ ರಾತ್ರಿಯಿಡೀ ಆ ವೈರಿನಿಂದ ಬರುವ ಕರೆಂಟಿನ ಕಾವಿನಲ್ಲೇ ಮಲಗಬೇಕು. ಇಲ್ಲದಿದ್ದರೆ ಬೆಳಿಗ್ಗೆ ಅದು ಹೆಣ. ಓಸ್ಮೊನಿಗೆ ಬೇಕಾಗಿದ್ದದ್ದು ಆ ಹೆಣವೇ.

ಊಟವಾದದ್ದೇ ಕಸ ಹಾಕಲು ತಾನಾಗಿ ಎದ್ದ. (ಮದುವೆಯಾದ ಮೇಲೆ ಇದೇ ಮೊದಲು.) ವಠಾರದ ಅಂಗಳದಲ್ಲಿ ಕಾರುಗಳೆಲ್ಲ ಹಿಮ ಹೊದ್ದು ಒಂದೇ ತಾಯಿಯ ಮಕ್ಕಳಂತಿದ್ದವು. ಎರಡೆರಡು ಕಾರಿಗೆ ಒಂದೊಂದು ಕರೆಂಟು ಕಂಬ. ಟಾರ್ಚು ಹಾಕಿದರೆ ಐಲಿ ಕಿಟಕಿಯಿಂದ ನೋಡಿಯಾಳು. ಕತ್ತಲಲ್ಲೇ ತಡಕಿ ಒಂದು ವೈರು ಕಿತ್ತ. ಅನಿರ್ದಿಷ್ಟಾವಧಿ ಮುಷ್ಕರ ಘೋಷಣೆಯಾಯಿತು.

ಬೆಳಿಗ್ಗೆ ಸಾವಿನ ಮನೆಯ ಮುಖ ಹೊತ್ತು ಕೀ ತಿರುಗಿಸಿದ. ಕಾರು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ಪಕ್ಕದ ಕಾರು ಮಾತ್ರ ಎರಡು ಸಲ ಕೆಮ್ಮಿ ಕಣ್ಣುಮುಚ್ಚಿತು. ಅದರಿಂದ ಮೇಲಿನ ಮಹಡಿಯ ಹೆಲ್ವಿ ಇಳಿದಳು; ಹಿಂದೆಯೇ ಕರುವಿನಷ್ಟು ದೊಡ್ಡ ಅವಳ ನಾಯಿ.

“ಯಾವ ಮುಂಡೇಮಗನೋ ನನ್ನ ವೈರು ಕಿತ್ತಿದಾನೆ. ನಾನೂ ಔಲುಗೇ ಹೊರಟಿದ್ದೆ.”

“ನಮ್ಮ ಜೊತೆ ಬನ್ನಿ,” ಎಂದಳು ಐಲಿ. “ನಾಯಿಗೂ ಜಾಗ ಇದೆ.”

ದಾರಿಯುದ್ದಕ್ಕೂ ನಾಯಿ ಓಸ್ಮೊನ ಕಿವಿ ನೆಕ್ಕಿತು. ಹೆಲ್ವಿ ವೈರು ಕಿತ್ತವನ ಏಳು ತಲೆಮಾರನ್ನು ಜಾಲಾಡಿದಳು. ತನ್ನ ಅಜ್ಜ ಮುತ್ತಜ್ಜಂದಿರು ಒಬ್ಬೊಬ್ಬರಾಗಿ ಬೈಸಿಕೊಳ್ಳುತ್ತಿದ್ದರೆ ಓಸ್ಮೊ ವೈಪರ್ ಜೋರು ಮಾಡಿದ.

“ಓಸ್ಮೊ ಅವರೇ,” ಎಂದಳು ಹೆಲ್ವಿ, “ನೀವು ಹೋರಾಟದಲ್ಲಿ ಪಳಗಿದವರು. ಚಳಿಗಾಲ ಮುಗಿಯೋವರೆಗೆ ದಿನಾ ಸಂಜೆ ಆ ಕಂಬದ ಹತ್ರ ಕಾವಲು ಕೂತ್ಕೊಳ್ಳಿ.”

“ನನಗೆ ಮಂಡಿ ನೋವು…”

“ಕೂರ್ತಾರೆ,” ಎಂದಳು ಐಲಿ, ಕಿಟಕಿಯಾಚೆಯ ಹಿಮ ನೋಡುತ್ತ. “ಇವರು ಅಲ್ಲಿ ಕೂತಷ್ಟು ಹೊತ್ತು, ಕಳ್ಳ ಎಲ್ಲಿದಾನೆ ಅಂತ ನಮಗೂ ಗೊತ್ತಿರುತ್ತೆ.”